ಏಳನೆಯ ಮೊರ

ಬೇಳೆಯಲ್ಲಿ ಕಲ್ಲು ಕಂಡರೆ ಶಿವಲೀಲಾಳಿಗೆ ಕೈಕಟ್ಟಿ ಕೂರಲು ಆಗುವುದಿಲ್ಲ. ಮದುವೆಗೆ ಹೋದಲ್ಲಿ ಅಡುಗೆಯವರು ಬೇಳೆ ಹರವಿಕೊಂಡು ಕೂತಿದ್ದರೆ, ರೇಷ್ಮೆ ಸೀರೆಯ ನೆರಿಗೆ ಮಡಿಲಿಗೆ ಎತ್ತಿಕೊಂಡು ಅವರ ಸಾಲಿನಲ್ಲಿ ತಾನೂ ಕೂತುಬಿಡುತ್ತಾಳೆ. ಭಾಲ್ಕಿಯ ದಾಲ್ ಮಿಲ್ಲಿನಲ್ಲಿ ಆರು ವರ್ಷದಿಂದ ಅವಳ ಕೆಲಸವೇ ಅದು. ಲಾರಿ ಬಂದು ನಿಂತರೆ ಚೀಲದಿಂದ ಒಂದು ಮುಷ್ಟಿ ಮಾಲು ತೆಗೆದು ಅವಳ ಮುಂದೆ ಇಡುತ್ತಾರೆ. ಅವಳು ಬೆರಳಿಂದ ಎರಡು ಸಲ ಹರವಿ, ಮಾಲು ಯಾವ ಕಡೆಯದು, ಎಷ್ಟು ಒಣಗಿದೆ, ಎಷ್ಟು ಕಲ್ಲಿದೆ ಎಂದು ಚೀಟಿಯ ಮೇಲೆ ಬರೆಯುತ್ತಾಳೆ. ಅವಳ ಕೈಯ ಚೀಟಿ ಇದ್ದರೆ ಮಾಲೀಕರೂ ಮತ್ತೊಮ್ಮೆ ಚೀಲ ಬಿಚ್ಚಿಸುವುದಿಲ್ಲ.

ಅಂಥ ಕೈಯಿಂದಲೇ ಆ ಭಾನುವಾರ ಒಂದು ಅನಾಹುತ ಆಯಿತು. ಅದೂ ಯಾರ ಕೆಲಸಕ್ಕೆ ಆಗಬಾರದಿತ್ತೋ ಅವನ ಕೆಲಸಕ್ಕೇ.

ಬೆಳಗಿನ ರೈಲಿನಲ್ಲಿ ಅಕ್ಕ ತಂಗಿ ಎದುರುಬದುರು ಕಿಟಕಿ ಪಕ್ಕ ಕೂತಿದ್ದರು. ತಂಗಿ ಐಶ್ವರ್ಯಾ ಬೀದರಿನ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷ. ದಿನಾ ಓಡಾಡುವ ದಾರಿ, ಹೊರಗೆ ನೋಡುವಂಥದ್ದು ಅವಳಿಗೆ ಏನೂ ಇರಲಿಲ್ಲ. ನೋಡುವಂಥದ್ದೆಲ್ಲ ಎದುರಿಗೇ ಇತ್ತು. ಅಕ್ಕ ಮೂರು ಸೀರೆ ಬದಲಿಸಿ ಕೊನೆಗೆ ಮೊದಲನೆಯದನ್ನೇ ಉಟ್ಟು ಬಂದಿದ್ದಳು. ಈಗ ಮೊಬೈಲಿನ ಕರಿ ಗಾಜಿನಲ್ಲಿ ಕುಂಕುಮ ಸರಿ ಇದೆಯೋ ಎಂದು ನೋಡಿಕೊಳ್ಳುತ್ತಿದ್ದಳು.

“ಮಿಲ್ಲಿಗೆ ಹೋಗೋವಾಗ ಇಷ್ಟು ಸಲ ಮಾರಿ ನೋಡ್ಕೊಳ್ಳಂಗಿಲ್ಲ ನೀ.”

“ಮಿಲ್ಲಿನಾಗ ಕನ್ನಡಿ ಇಲ್ಲ.”

“ಹೌದೌದು, ಪಾಪ. ಶಿವರಾತ್ರಿ ಹೊತ್ತಿಗೆ ಆ ಡ್ರಾಯಿಂಗ್ ಸರ್ ಬರ್ಲಾಕ ಶುರು ಮಾಡಿದ ಮ್ಯಾಲೆ ಬ್ಯಾಗಿನಾಗ ಒಂದು ಸಣ್ಣ ಕನ್ನಡಿ ಇಟ್ಟಿದ್ದೆಲ್ಲ, ಅದು ಬ್ಯಾಳಿ ನೋಡ್ಲಾಕೇನು?”

ಶಿವಲೀಲಾ ಕಿಟಕಿಯ ಹೊರಗೆ ನೋಡಿದಳು. ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿಯಾಗಿತ್ತು. ನಗು ಬಂದರೂ ತಂಗಿಗೆ ಕಾಣಬಾರದೆಂದು ಸೆರಗಿನ ಅಂಚನ್ನು ತುಟಿಗೆ ಹಿಡಿದಳು.

ಆ ಡ್ರಾಯಿಂಗ್ ಸರ್‌ನ ಹೆಸರು ಜ್ಞಾನೇಶ್ವರ. ಬೀದರಿನವನು, ಔರಾದಿನ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಾನೆ. ಶಿವರಾತ್ರಿಗೆ ಮುಂಚೆ ಒಂದು ದಿನ ಕರವಸ್ತ್ರದ ಗಂಟಿನಲ್ಲಿ ಒಂದು ಮುಷ್ಟಿ ಬೇಳೆ ಕಟ್ಟಿಕೊಂಡು ಮಿಲ್ಲಿಗೆ ಬಂದಿದ್ದ. ಹಳ್ಳಿಯ ಮನೆಗಳಲ್ಲಿ ಈಗಲೂ ಬೀಸುಕಲ್ಲಿನಲ್ಲಿ ಒಡೆಯುವ ಬೇಳೆ ತನಗೆ ಬೇಕು, ಆದರೆ ಹಸನು ಮಾಡದ್ದು, ಕಲ್ಲು ಮಣ್ಣು ಇದ್ದ ಹಾಗೆಯೇ ಇರಬೇಕು ಎಂದ. ಹಮಾಲರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಶಿವಲೀಲಾ ನಗದೆ ಗಂಟು ಬಿಚ್ಚಿ ನೋಡಿ, ಇದು ಸಂತಪುರದ ಬೇಳೆ ಎಂದಳು. ಅವನ ಕಣ್ಣು ಅಗಲವಾದವು. ಹೇಗೆ ಗೊತ್ತಾಯಿತು ಎಂದು ಕೇಳಿದ.

“ಬ್ಯಾಳಿ ಎಲ್ಲಾ ಊರಾಗ ಒಂದೇ ಇರ್ತದರಿ ಸರ್. ಊರು ತಿಳೀಬೇಕಂದ್ರ ಕಲ್ಲ ನೋಡಬೇಕು.”

ಅವನು ಕಿಸೆಯಿಂದ ಸಣ್ಣ ನೋಟ್‌ಬುಕ್ ತೆಗೆದು ಆ ಮಾತು ಬರೆದುಕೊಂಡ. ಎಂಥ ಮನುಷ್ಯನಪ್ಪಾ, ಇದನ್ನೂ ಬರೆದುಕೊಳ್ಳುತ್ತಾನೆ ಎಂದು ಅವಳಿಗೆ ಅನಿಸಿತು. ಅವನ ಬೆರಳ ತುದಿಗಳಲ್ಲಿ ಮಸಿಯ ಕಲೆ ಇತ್ತು. ನಗುವಾಗ ಮೊದಲು ತಲೆ ತಗ್ಗಿಸಿ ಆಮೇಲೆ ನಗುತ್ತಿದ್ದ. ಇಷ್ಟನ್ನೂ ಅವಳು ಒಂದು ಮುಷ್ಟಿ ಮಾಲು ನೋಡುವಷ್ಟೇ ಹೊತ್ತಿನಲ್ಲಿ ನೋಡಿದ್ದಳು.

ಆಮೇಲೆ ಅವನು ಬರುತ್ತಲೇ ಇದ್ದ. ಯಾವ ಊರಿನಲ್ಲಿ ಯಾವ ಅಜ್ಜಿಯ ಮನೆಯಲ್ಲಿ ಬೀಸುಕಲ್ಲು ಇನ್ನೂ ತಿರುಗುತ್ತದೆ ಎಂದು ಅವಳು ಹೇಳುವಳು. ಅವನು ಹೋಗಿ ಆ ಅಜ್ಜಿಯ ಕೈಗಳ ಚಿತ್ರ ಬರೆದು, ಬೇಳೆ ತರುವನು. ಅವಳು ನೋಡಿ ಊರ ಹೆಸರನ್ನು ಮಿಲ್ಲಿನ ಚೀಟಿಯ ಮೇಲೆ ಬರೆದುಕೊಡುವಳು. ಆ ಚೀಟಿಯನ್ನು ಅವನು ಯಾರದೋ ಫೋಟೊ ಇಟ್ಟುಕೊಂಡ ಹಾಗೆ ಎದೆಯ ಕಿಸೆಯಲ್ಲಿ ಇಟ್ಟುಕೊಳ್ಳುವನು. ಒಮ್ಮೆ ಅವಳು ಧೈರ್ಯ ಮಾಡಿ, ಈ ಬೇಳೆ ನಿಮ್ಮ ಮನೆಯಲ್ಲಿ ಯಾರು ಹಸನು ಮಾಡುತ್ತಾರೆ ಎಂದು ಕೇಳಿದ್ದಳು. ಯಾರೂ ಮಾಡುವುದಿಲ್ಲ, ಅವ್ವನಿಗೂ ಮುಟ್ಟಲು ಬಿಡುವುದಿಲ್ಲ ಎಂದ. ಹಾಗಾದರೆ ಮದುವೆ ಆಗಿಲ್ಲ ಎಂದು ಅವಳು ಅರ್ಥ ಮಾಡಿಕೊಂಡಳು. ಕಲ್ಲು ತಿಂದೂ ಹಲ್ಲು ಎಷ್ಟು ಚಂದ ಇವೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಏಳನೆಯ ಸಲ ಬಂದದ್ದು ಮುಂಗಾರು ಶುರುವಾದ ವಾರ. ಆ ದಿನದ್ದು ಅವಳಿಗೆ ನೆನಪಿರುವುದು ಅವನ ಹೊಸ ನೀಲಿ ಅಂಗಿ ಮಾತ್ರ. ನಿಟ್ಟೂರಿನ ಬೇಳೆ ಎಂದ. ಅವಳು ನಿಟ್ಟೂರ ಎಂದು ಬರೆದುಕೊಟ್ಟಳು. ಏನೋ ಕೇಳಿಸಿಕೊಳ್ಳಲು ನಿಂತವನ ಹಾಗೆ ಅವನು ಒಂದು ಗಳಿಗೆ ನಿಂತ. ಆಮೇಲೆ ಚೀಟಿ ಮಡಚಿ, ಬರ್ತೇನ್ರಿ ಎಂದು ಹೋದ. ಮತ್ತೆ ಬರಲಿಲ್ಲ. ಒಂದು ತಿಂಗಳಲ್ಲ, ನಾಲ್ಕು ತಿಂಗಳು.

ಮೊನ್ನೆ ಮಾತ್ರ ಅವಳ ಮೊಬೈಲಿಗೆ ಒಂದು ಕಲಾ ಪ್ರದರ್ಶನದ ಕಾರ್ಡು ಬಂತು. ಕೆಳಗೆ, “ನೀವೂ ಬರಬೇಕರಿ” ಎಂಬ ಒಂದೇ ಸಾಲು.

ಮನೆಯಲ್ಲಿ ಹುಮನಾಬಾದಿನಿಂದ ಒಂದು ಸಂಬಂಧ ಬಂದಿತ್ತು. ಒಳ್ಳೆಯ ಜನ. ಅವ್ವ ಒತ್ತಾಯ ಮಾಡಿರಲಿಲ್ಲ. ಅವರಿಗೆ ಭಾನುವಾರ ಸಂಜೆಯೊಳಗೆ ಏನಾದರೂ ಹೇಳಬೇಕು ಎಂದಷ್ಟೇ ಹೇಳಿದ್ದಳು. ಆದ್ದರಿಂದ ಶಿವಲೀಲಾಳಿಗೆ ಇವತ್ತು ಒಂದೇ ಒಂದು ವಿಷಯ ತಿಳಿಯಬೇಕಿತ್ತು. ಅವನು ಏಳು ಸಲ ಬಂದದ್ದು ಬೇಳೆಗೋ, ತನಗೋ?

“ನಾನೇ ಕೇಳಿಬಿಡ್ಲೇನು?” ಎಂದು ಐಶ್ವರ್ಯಾ ಸ್ಟೇಷನ್ ಬಂದಾಗ ಕೇಳಿದಳು. ಅಕ್ಕ ಅವಳ ತೋಳು ಚಿವುಟಿದಳು.

ಪ್ರದರ್ಶನ ಇದ್ದದ್ದು ಬೀದರಿನ ಹಳೇ ಊರಿನಲ್ಲಿ, ರಶೀದ ಅಹ್ಮದ ಎಂಬ ನಿವೃತ್ತ ಡ್ರಾಯಿಂಗ್ ಮಾಸ್ತರರ ಮನೆಯಲ್ಲಿ. ಗೋಡೆಯ ದಪ್ಪಕ್ಕೆ ಒಳಗೆ ಕಾಲಿಟ್ಟರೆ ಬಿಸಿಲು ಮರೆತುಹೋಗುವಂಥ ಮನೆ. ಮಾಸ್ತರರು ಆರು ಕೋಣೆ ಖಾಲಿ ಮಾಡಿ ಊರಿನ ಹುಡುಗ ಹುಡುಗಿಯರ ಕೆಲಸ ಇಡಲು ಕೊಟ್ಟಿದ್ದರು. ಹನ್ನೊಂದಕ್ಕೆ ಶುರು. ಇವರು ತಲುಪಿದಾಗ ಇನ್ನೂ ಒಂಬತ್ತು. ಮಾಸ್ತರರು ತಾವೇ ಬಾಗಿಲು ತೆರೆದು, “ಆವೋ ಬೇಟಿ, ಬರ್ರಿ, ಮೊದಲನೇ ಮೆಹಮಾನ ನೀವೇ” ಎಂದರು. ಜ್ಞಾನೇಶ್ವರ ಸುತಳಿ ತರಲು ಗಾಂಧಿ ಗಂಜಿನ ಪೇಟೆಗೆ ಹೋಗಿದ್ದಾನೆ, ಈಗ ಬರುತ್ತಾನೆ ಎಂದೂ ಹೇಳಿದರು.

ಮೊದಲನೆಯ ಕೋಣೆಯಲ್ಲಿ ಖುಷ್ಬೂ ಎಂಬ ಹುಡುಗಿಯ ಕೆಲಸ. ಔರಾದ್ ಬಸ್ಸಿನ ಸಾವಿರಾರು ಟಿಕೀಟು ಪೋಣಿಸಿ ನೆಲದವರೆಗೆ ಇಳಿಬಿಟ್ಟ ಒಂದು ಪರದೆ. ಗಾಳಿ ಬಂದರೆ ಒಣ ಎಲೆಯ ಹಾಗೆ ಸದ್ದು ಮಾಡುತ್ತಿತ್ತು. ನಾವು ಇಳಿದ ಕೂಡಲೇ ಬಿಸಾಡುವುದನ್ನು ಇವಳು ಕೂಡಿಟ್ಟಿದ್ದಾಳಲ್ಲ ಎಂದು ಐಶ್ವರ್ಯಾ ತನ್ನ ಊರಿನ ಟಿಕೀಟು ಸಿಗುತ್ತದೋ ಎಂದು ಹುಡುಕುತ್ತಾ ಅಲ್ಲೇ ಉಳಿದಳು. ಶಿವಲೀಲಾಳಿಗೆ ನಿಲ್ಲಲು ಆಗಲಿಲ್ಲ. ಬಾಗಿಲ ಸದ್ದಾದರೆ ಎದೆ ಹಾರುತ್ತಿತ್ತು. ಅಂಥ ಹೊತ್ತಿನಲ್ಲಿ ಅವಳ ಕೈಗೆ ಏನಾದರೂ ಕೆಲಸ ಬೇಕು.

ಹಿತ್ತಲಲ್ಲಿ ಗುಂಡಮ್ಮ ಎಂಬ ಹೆಂಗಸು ದೊಡ್ಡ ಪಾತ್ರೆಗೆ ನೀರು ಕಾಯಲಿಟ್ಟಿದ್ದಳು. ಬಂದವರಿಗೆಲ್ಲ ಮಧ್ಯಾಹ್ನ ಊಟ. ಜೊತೆಗೆ ಬರಬೇಕಾದವಳು ಬಂದಿಲ್ಲ, ನಲವತ್ತು ಮಂದಿಗೆ ನಾನೊಬ್ಬಳೇ ಎಷ್ಟು ಮಾಡಲಿ ಎಂದು ತನಗೆ ತಾನೇ ಮಾತಾಡುತ್ತಿದ್ದಳು. ಶಿವಲೀಲಾ ಏನಾದರೂ ಕೆಲಸ ಇದ್ದರೆ ಕೊಡಿ ಎಂದಳು. ಒಳಗಿನ ಕೋಣೆಯಲ್ಲಿ ಬೇಳೆ ಇದೆ, ಹಸನು ಮಾಡಿಕೊಡು ತಾಯಿ, ನಿನಗೆ ಪುಣ್ಯ ಬರುತ್ತದೆ ಎಂದಳು ಗುಂಡಮ್ಮ.

ಒಳಗಿನ ಕೋಣೆಗಳು ಎರಡಿದ್ದವು. ಶಿವಲೀಲಾ ಎಡಗಡೆಯದಕ್ಕೆ ಹೋದಳು.

ಕಿಟಕಿಯ ಬೆಳಕು ಬೀಳುವಲ್ಲಿ ನೆಲದ ಮೇಲೆ ಏಳು ಮೊರ ಸಾಲಾಗಿ ಇದ್ದವು. ಒಂದೊಂದರಲ್ಲೂ ಒಂದೊಂದು ಸೇರಿನಷ್ಟು ಬೇಳೆ. ಪ್ರತಿ ಮೊರದ ಕೆಳಗೆ ಮಡಚಿದ ಒಂದು ಚೀಟಿಯ ತುದಿ ಕಾಣುತ್ತಿತ್ತು. ಮಠದ ದಾಸೋಹಕ್ಕೆ ಊರೂರಿನವರು ಕಾಳುಕಡಿ ಕಳಿಸುವಾಗ ಹೆಸರು ಬರೆದು ಹೀಗೇ ಚೀಟಿ ಇಡುವುದು ಅವಳು ಚಿಕ್ಕಂದಿನಿಂದ ಕಂಡದ್ದು. ಇಲ್ಲಿಯೂ ಊರಿನವರು ಊಟಕ್ಕೆ ಬೇಳೆ ಕೊಟ್ಟಿದ್ದಾರೆ ಎಂದುಕೊಂಡಳು. ಆದರೆ ಎಷ್ಟೊಂದು ಕಲ್ಲು! ಕೊಡುವವರು ಇಷ್ಟಾದರೂ ನೋಡಿ ಕೊಡಬಾರದೇ ಎಂದು ಬೇಸರವೂ ಆಯಿತು.

ಕೂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲ ಕಲ್ಲು ಸಿಕ್ಕ ಮೇಲೆ ಎದೆ ಹಾರುವುದು ನಿಂತಿತು.

ಕಿಟಕಿಯಲ್ಲಿ ಗುಬ್ಬಿಗಳು ಜಗಳಾಡುತ್ತಿದ್ದವು. ಟಿಕೀಟಿನ ಪರದೆ ಸರಬರ ಅನ್ನುತ್ತಿತ್ತು. ಅವಳ ಬೆರಳುಗಳು ತಾವಾಗಿ ಓಡಿದವು. ಮಣ್ಣಿನುಂಡೆ, ಬಿಳಿ ಹರಳು, ಕಲ್ಲಿನ ಚಕ್ಕೆ, ಎಲ್ಲವೂ ಪಕ್ಕದ ಹಾಳೆಯ ಮೇಲೆ ಒಂದೇ ಗುಡ್ಡೆಯಾದವು. ಕೊನೆಯ ಮೊರದ ಬೇಳೆ ಮಾತ್ರ ಮನೆಯದ್ದಲ್ಲ, ಮಿಲ್ಲಿನದು. ಒಂದೇ ಅಳತೆ, ಮೇಲೆ ಎಣ್ಣೆಯ ಹೊಳಪು. ಮಿಲ್ಲಿನ ಬೇಳೆಯಲ್ಲಿ ಇಷ್ಟು ಕಲ್ಲು ಹೇಗೆ ಬಂತು, ಯಾರೋ ತೂಕಕ್ಕೆ ಸೇರಿಸಿ ಪುಣ್ಯದ ಕೆಲಸದಲ್ಲೂ ಮೋಸ ಮಾಡಿದ್ದಾರೆ ಎಂದು ಗೊಣಗುತ್ತಾ ಅದನ್ನೂ ಮುಗಿಸಿದಳು. ಒಂದು ತಾಸಿನಲ್ಲಿ ಏಳು ಮೊರವೂ ಬಂಗಾರದ ಹಾಗೆ ಹಸನಾಗಿದ್ದವು.

ಗುಂಡಮ್ಮನ ಪಾತ್ರೆಗೆ ಸುರಿಯಲೆಂದು ಮೊದಲನೆಯ ಮೊರ ಎತ್ತಿಕೊಂಡು ಎದ್ದಾಗ ಬಾಗಿಲಲ್ಲಿ ಜ್ಞಾನೇಶ್ವರ ನಿಂತಿದ್ದ. ಮೈಮೇಲೆ ಅದೇ ನೀಲಿ ಅಂಗಿ, ಕೈಯಲ್ಲಿ ಸುತಳಿಯ ಉಂಡೆ. ಮೊದಲು ಅವಳನ್ನು ನೋಡಿ ಅವನ ಮುಖ ದೀಪ ಹಚ್ಚಿದ ಹಾಗಾಯಿತು. ಆಮೇಲೆ ಮೊರಗಳನ್ನು ನೋಡಿದ.

“ಎಲ್ಲಾ... ತೆಗದ್ರೇನ್ರಿ?”

“ಒಂದೂ ಬಿಟ್ಟಿಲ್ರಿ ಸರ್,” ಎಂದಳು ಶಿವಲೀಲಾ. ನಾಲ್ಕು ತಿಂಗಳ ಮೇಲೆ ಅವನಿಗೆ ಆಡಿದ ಮೊದಲ ಮಾತು ಅದು. ಹೆಮ್ಮೆಯಿಂದಲೇ ಆಡಿದ್ದಳು.

ಅವನು ಗೋಡೆಗೆ ಒರಗಿ ಹಾಗೆಯೇ ನೆಲಕ್ಕೆ ಕುಸಿದು ಕೂತ. ಸುತಳಿಯ ಉಂಡೆ ಉರುಳಿ ಅವಳ ಕಾಲ ಹತ್ತಿರ ಬಂತು.

“ಏನಾತ್ರಿ?”

“ಆ ಕಲ್ಲೇ ನನ್ನ ಕೆಲಸ ಇತ್ತರಿ,” ಎಂದ. ಬೈಗುಳವಿರಲಿಲ್ಲ, ದನಿಯೂ ಏರಲಿಲ್ಲ. ಅದೇ ಅವಳಿಗೆ ಹೆಚ್ಚು ತಾಗಿತು. “ನೀವೇ ಹೇಳಿದ್ರೆಲ್ಲ, ಬ್ಯಾಳಿ ಎಲ್ಲಾ ಊರಾಗ ಒಂದೇ, ಊರು ತಿಳೀಬೇಕಂದ್ರ ಕಲ್ಲ ನೋಡಬೇಕಂತ. ಅದನ್ನೇ ಇಟ್ಟಿದ್ದೆ.”

ಶಿವಲೀಲಾಳ ಕೈಯಲ್ಲಿದ್ದ ಮೊರ ಒಮ್ಮೆಲೇ ಭಾರವಾಯಿತು. ಮೆಲ್ಲಗೆ ಕೆಳಗಿಟ್ಟಳು. ಇವನ ಕೆಲಸವೆಂದರೆ ಗೋಡೆಯ ಮೇಲಿನ ಚಿತ್ರ ಎಂದುಕೊಂಡಿದ್ದಳು. ಐದು ತಿಂಗಳು ಹಳ್ಳಿ ಹಳ್ಳಿ ತಿರುಗಿ ಅವನು ಕೂಡಿಸಿದ್ದನ್ನು ಒಂದು ತಾಸಿನಲ್ಲಿ ಹಾಳೆಯ ಮೇಲೆ ಗುಡ್ಡೆ ಹಾಕಿದ್ದಳು. ಬೇಳೆಗೋ ತನಗೋ ಎಂದು ಕೇಳಲು ಇನ್ನು ಯಾವ ಮುಖ?

ಸದ್ದು ಕೇಳಿ ಬಂದ ಐಶ್ವರ್ಯಾ ಇಬ್ಬರನ್ನೂ ನೋಡಿದಳು, ಗುಡ್ಡೆಯನ್ನೂ ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು. ಒಳಗೊಳಗೆ ಉಕ್ಕಿದ ನಗುವನ್ನು ಹೇಗೋ ತಡೆದುಕೊಂಡು, ಮುಖ್ಯವಾದವರು ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿದಳು. ಹನ್ನೆರಡಕ್ಕೆ ಕಲಬುರಗಿಯಿಂದ ಒಬ್ಬ ಮೇಡಂ ಬರುತ್ತಾರೆ, ಹೈದರಾಬಾದಿನ ದೊಡ್ಡ ಪ್ರದರ್ಶನಕ್ಕೆ ಇಲ್ಲಿಂದ ಒಂದು ಕೆಲಸ ಆರಿಸುತ್ತಾರೆ ಎಂದ ಜ್ಞಾನೇಶ್ವರ.

“ಇನ್ನ ಒಂದು ತಾಸು ಮ್ಯಾಲೆ ಅದ,” ಎಂದಳು ಐಶ್ವರ್ಯಾ. “ಅಕ್ಕಾ, ನೀ ತೆಗದಿ, ನೀನೇ ಹಾಕು. ಯಾವ ಊರಿನ ಕಲ್ಲು ಯಾವುದು ಅಂತ ನಿನಗಲ್ದ ಮತ್ಯಾರಿಗೆ ತಿಳೀತದ?”

ಅದು ಆಗುವ ಮಾತೇ ಎಂಬಂತೆ ಜ್ಞಾನೇಶ್ವರ ತಲೆ ಎತ್ತಿದ. ಶಿವಲೀಲಾ ಮೊರವನ್ನು ಮತ್ತೆ ಸಾಲಿಗೆ ಸರಿಸಿದಳು. ಹಾಳೆಯನ್ನು ಬೆಳಕಿಗೆ ಎಳೆದುಕೊಂಡು ಕೂತಳು. ಐಶ್ವರ್ಯಾ ಬಾಗಿಲು ಅರ್ಧ ಎಳೆದು ಹೊರಗೆ ಕಾವಲಿಗೆ ಹೋದಳು. ಹೋಗುವಾಗ, ಬೇಳೆಯಲ್ಲಿ ಕಲ್ಲು ಹಾಕಲು ಕೂತ ಅಕ್ಕನನ್ನು ಮಿಲ್ಲಿನ ಮಾಲೀಕರಿಗೆ ತೋರಿಸಬೇಕು ಎಂದು ಒಂದು ಫೋಟೊ ತೆಗೆದುಕೊಂಡೇ ಹೋದಳು.

ಮೊರದ ಆ ಕಡೆ ಅವನು, ಈ ಕಡೆ ಅವಳು. ಅವಳು ಒಂದೊಂದೇ ಹೆಕ್ಕಿ ಕೊಡುವಳು, ಅವನು ಬೇಳೆಯಲ್ಲಿ ಇಡುವನು. ಉಗುರಿಗೆ ಪುಡಿಯಾಗುವ ಕರಿ ಎರೆಮಣ್ಣಿನ ಉಂಡೆ ಸಂತಪುರದ್ದು. ಸುಣ್ಣದ ಬಿಳಿ ಹರಳು ಚಿಂತಾಕಿಯದು. ಕುಶನೂರಿನ ಅಜ್ಜಿ ಆಗತಾನೆ ಬೀಸುಕಲ್ಲಿಗೆ ಉಳಿ ಹೊಡೆಸಿದ್ದಳು, ಅದರ ಬೂದು ಚಕ್ಕೆಗಳೆಲ್ಲ ಅವಳ ಮೊರಕ್ಕೆ. ನುಣುಪು ಹರಳು ಹೊಳೆದಂಡೆಯ ಕೌಠಾದ್ದು. ಹುಲ್ಲಿನ ಎಳೆ ಅಂಟಿದ ಒಣ ಸಗಣಿಯ ಚಕ್ಕೆ ಹಲಬರ್ಗಾದ ಸಾರಿಸಿದ ಅಂಗಳದ್ದು. ಗುಡ್ಡೆಯೊಳಗೆ ಅಕ್ಕಿಕಾಳಿನಷ್ಟು ಹಸಿರು ಬಳೆಯ ಚೂರೊಂದು ಸಿಕ್ಕಿತು. ಭಾತಂಬ್ರಾದ ಸೊಸೆ ಬೇಳೆ ಕೇರುವಾಗ ಬಳೆ ಒಡೆದುಕೊಂಡು ಅತ್ತೆಗೆ ಹೇಳದೆ ಮುಚ್ಚಿಟ್ಟ ಕಥೆಯನ್ನು ಜ್ಞಾನೇಶ್ವರ ಹೇಳಿದ. ಇಬ್ಬರೂ ನಕ್ಕರು.

ನಕ್ಕ ಮೇಲೆ ಕೋಣೆ ಹಗುರಾಯಿತು. ಕಲ್ಲು ಕೊಡುವಾಗ ಬೆರಳು ತಾಗದ ಹಾಗೆ ಅವಳು ಮೇಲಿನಿಂದ ಬಿಡುತ್ತಿದ್ದಳು. ಸಣ್ಣ ಹರಳಾದರೆ ಬಿಡಲು ಬರುವುದಿಲ್ಲ, ಅಂಗೈಯಲ್ಲಿ ಇಡಲೇಬೇಕು. ಹೊಳೆದಂಡೆಯ ಹರಳುಗಳೆಲ್ಲ ಸಣ್ಣವೇ. ಕೌಠಾದ ಮೊರಕ್ಕೆ ಬಹಳ ಹೊತ್ತು ಹಿಡಿಯಿತು, ಇಬ್ಬರೂ ಅವಸರ ಮಾಡಲಿಲ್ಲ.

ಆರು ಮೊರ ತುಂಬಿದವು. ಹಾಳೆಯ ಮೇಲೆ ಉಳಿದದ್ದು ಒಂದು ಹಿಡಿ ಕೆಂಪು ಕಲ್ಲು. ಮೈತುಂಬ ಸೂಜಿ ಚುಚ್ಚಿದಂಥ ತೂತು.

“ಇವು ಎಲ್ಲಿ ಹಾಕ್ಲಿರಿ?”

“ಏಳನೇದಕ್ಕ,” ಎಂದ ಜ್ಞಾನೇಶ್ವರ. ತಲೆ ಎತ್ತಲಿಲ್ಲ.

ಶಿವಲೀಲಾ ಏಳನೆಯ ಮೊರದ ಕೆಳಗಿನ ಚೀಟಿ ಎಳೆದು ಬಿಡಿಸಿದಳು. ಮಿಲ್ಲಿನ ಚೀಟಿ. ತನ್ನದೇ ಅಕ್ಷರ. ನಿಟ್ಟೂರ.

ಚೀಟಿ ನೋಡಿದಳು, ಹೊಳೆಯುವ ಬೇಳೆ ನೋಡಿದಳು, ಕೆಂಪು ಕಲ್ಲು ನೋಡಿದಳು. ಆರು ವರ್ಷದಲ್ಲಿ ಅವಳ ಕೈಯಿಂದ ತಪ್ಪು ಚೀಟಿ ಹೊರಗೆ ಹೋದದ್ದು ಇಲ್ಲ. ಇದೊಂದು ಹೋಗಿತ್ತು.

“ಇದು ನಿಟ್ಟೂರಿಂದಲ್ಲ,” ಎಂದಳು ನಿಧಾನವಾಗಿ. “ನಿಟ್ಟೂರಾಗ ಇಂಥ ಕಲ್ಲು ಎಲ್ಲಿ ಬರ್ತದ? ಇದು ಬೀದರಿನ ಕಲ್ಲ. ಬ್ಯಾಳಿ ನಮ್ಮ ಮಿಲ್ಲಿಂದು.”

“ಹೌದ್ರಿ.”

“ಯಾಕ ಹಿಂಗ ಮಾಡಿದ್ರಿ?”

ಅವನು ಸುತಳಿಯ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. ಆಮೇಲೆ ಹೇಳಿದ. ಆರು ಊರಿಗೇ ಅವನ ಕೆಲಸ ಮುಗಿದಿತ್ತು. ಮಿಲ್ಲಿಗೆ ಬರಲು ಕಾರಣ ಉಳಿದಿರಲಿಲ್ಲ. ಗಾಂಧಿ ಗಂಜಿನಲ್ಲಿ ಭಾಲ್ಕಿ ಮಿಲ್ಲಿನದೇ ಒಂದು ಸೇರು ಬೇಳೆ ಕೊಂಡು, ತನ್ನ ಮನೆಯ ಹಿತ್ತಲ ಕಲ್ಲು ಒಡೆದು ಬೆರೆಸಿ, ಅದರಲ್ಲೊಂದು ಮುಷ್ಟಿ ಕರವಸ್ತ್ರಕ್ಕೆ ಕಟ್ಟಿದ. ಹೊಸ ಅಂಗಿ ಹಾಕಿಕೊಂಡ.

“ನೀವು ಹಿಡೀತೀರಿ ಅಂತ ಗೊತ್ತಿತ್ತು. ಹಿಡದು, ಯಾಕ ಸುಳ್ಳ ಹೇಳಿದ್ರಿ ಅಂತ ಕೇಳ್ತೀರಿ. ಕೇಳಿದ್ರ ಹೇಳಿಬಿಡಬೇಕಂತ ಮಾಡಿದ್ದೆ. ರೈಲಿನಾಗ ಬರ್ತಾ ನಾಲ್ಕು ಸಲ ಬಾಯಿಪಾಠ ಮಾಡಿದ್ದೆ.” ಅವನು ತಲೆ ತಗ್ಗಿಸಿ ನಕ್ಕ, ಆದರೆ ಈ ಸಲದ ನಗು ಕಣ್ಣಿಗೆ ಏರಲಿಲ್ಲ. “ನೀವು ನಿಟ್ಟೂರ ಅಂತ ಬರದುಕೊಟ್ರಿ. ಎಲ್ಲಾ ತಿಳದಾಕಿ ತಿಳೀದವರಂಗ ಬರದುಕೊಟ್ರ, ನಾ ಏನಂತ ತಿಳೀಬೇಕ್ರಿ? ಮರ್ಯಾದಿಯಿಂದ ಬ್ಯಾಡ ಅಂದ್ರು ಅಂತ ತಿಳದೆ. ಅದಕ್ಕ ಮತ್ತ ಬರ್ಲಿಲ್ಲ.”

ಹೊರಗೆ ಗುಂಡಮ್ಮ ಯಾರನ್ನೋ ಬೇಳೆ ಎಲ್ಲಿ ಎಂದು ಕೇಳುತ್ತಿದ್ದಳು. ಒಳಗೆ ಶಿವಲೀಲಾ ಏಳನೆಯ ಮೊರದ ಅಂಚು ಹಿಡಿದು ಕೂತಿದ್ದಳು. ಬೇಕಿದ್ದ ಉತ್ತರ ಸಿಕ್ಕಿತ್ತು. ಅದು ಇಷ್ಟು ದಿನ ತನ್ನದೇ ಅಕ್ಷರದ ಚೀಟಿಯ ಹಿಂದೆ ಕೂತಿತ್ತು ಎಂಬುದೇ ಅವಳಿಗೆ ತಡೆಯಲಾಗಲಿಲ್ಲ.

“ಆವತ್ತು ನಾ ನೋಡೇ ಇಲ್ರಿ,” ಎಂದಳು.

“ಏನ್ ನೋಡಿಲ್ಲ?”

“ಬ್ಯಾಳಿ. ಗಂಟು ಬಿಚ್ಚಿದೆ, ನೋಡ್ಲಿಲ್ಲ. ನೀವು ನಿಟ್ಟೂರ ಅಂದ್ರಿ, ಬರದೆ.”

ಜ್ಞಾನೇಶ್ವರನಿಗೆ ನಂಬಿಕೆ ಬರಲಿಲ್ಲ. ನೀವು ಯಾರ ಮಾಲೂ ನೋಡದೆ ಬರೆಯುವವರಲ್ಲ ಎಂದ.

“ಬರ್ಯಂಗಿಲ್ಲ.” ಅವಳ ಕಿವಿಯವರೆಗೆ ಬಿಸಿ ಏರಿತು. ಆದರೂ ಕಣ್ಣು ಸರಿಸಲಿಲ್ಲ. “ಬ್ಯಾಳಿ ನೋಡಬೇಕಂದ್ರ ಕಣ್ಣ ಕೆಳಗ ಮಾಡಬೇಕಾಗ್ತಿತ್ತು.”

ಅವನಿಗೆ ಅರ್ಥವಾಗಲು ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವನು ನಗಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಸುಮ್ಮನೆ ನೋಡಿದ. ಇಷ್ಟು ದಿನ ಮೇಡಂರಿ ಎನ್ನುತ್ತಿದ್ದವನು ಮೊದಲ ಸಲ “ಶಿವಲೀಲಾ” ಎಂದ. ಕೆಂಪು ಕಲ್ಲುಗಳನ್ನು ಅವಳು ಎರಡೂ ಕೈಯಲ್ಲಿ ತುಂಬಿಕೊಂಡಳು, ಅವನು ಕೆಳಗಿನಿಂದ ಆ ಕೈಗಳಿಗೆ ತನ್ನ ಕೈ ಒಡ್ಡಿದ. ಇಬ್ಬರೂ ಸೇರಿ ಏಳನೆಯ ಮೊರಕ್ಕೆ ಬಿಟ್ಟರು.

ಬಾಗಿಲು ಸರಿಯಿತು. “ಮೇಡಂ ಬಂದಾರ,” ಎಂದು ಐಶ್ವರ್ಯಾ ಪಿಸುಗುಟ್ಟಿದಳು. “ಖುಷ್ಬೂನ ಪರದೆದಾಗ ಒಂದೊಂದು ಟಿಕೀಟು ತೋರಿಸಿ ಇಷ್ಟೊತ್ತು ನಿಲ್ಲಿಸೇನಿ. ಇನ್ನ ಆಗಂಗಿಲ್ಲ.” ಆಮೇಲೆ ಅವಳ ಕಣ್ಣು ಮೊರದ ಮೇಲಿದ್ದ ನಾಲ್ಕು ಕೈಗಳ ಮೇಲೆ ಬಿತ್ತು. “ಕಲ್ಲ ಬಿದ್ದವು, ಕೈ ತೆಗೀರಿ ಇನ್ನ,” ಎಂದು ಹೇಳಿ, ತಾನೇ ನಾಚಿ ಬಾಗಿಲು ಎಳೆದುಕೊಂಡಳು.

ಚೀಟಿಗಳನ್ನು ಸುತಳಿಗೆ ಕಟ್ಟಿ ಮೊರಗಳ ಮೇಲೆ ಇಳಿಬಿಡುವುದಿತ್ತು. ಏಳನೆಯದನ್ನು ಬಿಟ್ಟುಬಿಡೋಣ, ಸುಳ್ಳು ಚೀಟಿ ಎಂದ ಜ್ಞಾನೇಶ್ವರ. ಶಿವಲೀಲಾ ಅವನ ಕಿಸೆಯ ಪೆನ್ನು ಕೇಳಿ ಇಸಿದುಕೊಂಡಳು. ನಿಟ್ಟೂರ ಎಂಬುದಕ್ಕೆ ಒಂದು ಗೀಟು ಎಳೆದು ಕೆಳಗೆ ಬರೆದಳು. ಬೇಳೆ ಭಾಲ್ಕಿ, ಕಲ್ಲು ಬೀದರ. ಈಗ ಸರಿ ಅದ ಎಂದು ಕಟ್ಟಿದಳು.

ಕಲಬುರಗಿಯ ಮೇಡಂ ಕನ್ನಡಕ ಏರಿಸಿ ಏಳೂ ಚೀಟಿ ಓದಿದರು. ಎಲ್ಲದರಲ್ಲೂ ಒಂದೊಂದು ಊರು ಇದೆ, ಇದರಲ್ಲಿ ಮಾತ್ರ ಎರಡು ಯಾಕೆ ಎಂದು ಕೇಳಿದರು. ಜ್ಞಾನೇಶ್ವರ ಸುತಳಿಯ ಗಂಟನ್ನು ಮತ್ತೆ ಬಿಗಿ ಮಾಡತೊಡಗಿದ. ರಶೀದ ಅಹ್ಮದ ಮಾಸ್ತರರು ಅವನನ್ನೊಮ್ಮೆ, ಶಿವಲೀಲಾಳನ್ನೊಮ್ಮೆ ನೋಡಿ, ಅದು ಇನ್ನೂ ನಡೀತಿರೋ ಕೆಲಸ ಮೇಡಂ ಎಂದು ಗಂಭೀರವಾಗಿ ಹೇಳಿದರು. ಮೇಡಂ ತಲೆಯಾಡಿಸಿ ಬರೆದುಕೊಂಡರು. ಕೊನೆಗೆ ಅವರು ಹೈದರಾಬಾದಿಗೆ ಆರಿಸಿದ್ದು ಖುಷ್ಬೂಳ ಪರದೆಯನ್ನು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಜ್ಞಾನೇಶ್ವರ. ನಿನಗೆ ಬೇಸರ ಆಗಲಿಲ್ಲವೇ ಎಂದು ಅಳುಮುಖದಿಂದ ಖುಷ್ಬೂ ಕೇಳಿದಳು. ಇವತ್ತು ನನಗೆ ಬೇಸರ ಮಾಡಲು ಯಾರಿಂದಲೂ ಆಗುವುದಿಲ್ಲ ಎಂದ.

ಗುಂಡಮ್ಮನಿಗೆ ಬಲಗಡೆಯ ಕೋಣೆಯಲ್ಲಿ ತನ್ನ ಬೇಳೆ ಸಿಕ್ಕಿತ್ತು. ಊಟ ಒಂದು ತಾಸು ತಡವಾಯಿತು. ತಡ ಮಾಡಿದವಳೇ ಬಡಿಸಬೇಕು ಎಂದು ಸೌಟು ಶಿವಲೀಲಾಳ ಕೈಗೆ ಕೊಟ್ಟಳು. ಸಾಲಿನ ಕೊನೆಯಲ್ಲಿ ತಟ್ಟೆ ಹಿಡಿದು ಬಂದ ಜ್ಞಾನೇಶ್ವರ ಅನ್ನಕ್ಕೆ ಸಾರು ಬಿದ್ದ ಮೇಲೂ ಮುಂದೆ ಹೋಗಲಿಲ್ಲ. ಹಿಂದೆ ಯಾರೂ ಇರಲಿಲ್ಲ.

ಇನ್ನು ಬರಲು ಯಾವ ಊರಿನ ಬೇಳೆಯೂ ಉಳಿದಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದ.

“ಬರೋ ಐತವಾರ ಮಿಲ್ಲಿಗೆ ರಜಾ ಅದ,” ಎಂದಳು ಶಿವಲೀಲಾ, ಪಾತ್ರೆಯಲ್ಲಿ ಸೌಟು ತಿರುಗಿಸುತ್ತಾ. “ಮನಿಗೆ ಬರ್ರಿ.”

“ಬರೋವಾಗ ಏನ ತರ್ಲಿ?”

“ನಿಮ್ಮ ಅವ್ವಗ ಕರಕೊಂಡ ಬರ್ರಿ.”

ಸಾರು ತುಳುಕಿ ಅವನ ನೀಲಿ ಅಂಗಿಯ ಮೇಲೆ ಬಿತ್ತು. ಅವನಿಗೆ ಗೊತ್ತೇ ಆಗಲಿಲ್ಲ.

ಸಂಜೆ ಬಿಸಿಲು ಇನ್ನೂ ಪ್ಲಾಟ್‌ಫಾರಂ ಮೇಲೆ ಇದ್ದಾಗಲೇ ಅವ್ವನ ಫೋನು ಬಂತು. ಹುಮನಾಬಾದಿನವರು ಎರಡು ಸಲ ಮಾಡಿದ್ದರಂತೆ, ಏನು ಹೇಳಲಿ ಎಂದು ಕೇಳಿದಳು. ಶಿವಲೀಲಾ ಎರಡು ಸಲ ಅವ್ವಾ ಎಂದಳು. ಫೋನನ್ನು ತಂಗಿಯ ಕೈಗೆ ತುರುಕಿದಳು.

“ಅವರಿಗೆ ಬ್ಯಾಡಂತ ಹೇಳವ್ವ,” ಎಂದಳು ಐಶ್ವರ್ಯಾ. “ಬರೋ ಐತವಾರ ಬೀದರಿಂದ ಇಬ್ಬರು ಬರ್ತಾರ. ಡ್ರಾಯಿಂಗ್ ಸರ್, ಮತ್ತ ಅವರ ಅವ್ವ... ಹ್ಞಾಂ, ಅದೇ ಸರ್... ನನಗ್ಯಾಕ ಕೇಳ್ತಿ, ಅಕ್ಕಗೇ ಕೇಳು.”

ಫೋನು ತಿರುಗಿ ಶಿವಲೀಲಾಳ ಕಿವಿಗೆ ಬಂತು. ಅವ್ವ ಬೇರೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

“ನಿನ್ನ ಮನಸಿಗೆ ಬಂದಾನೇನವ್ವ?”

“ಹ್ಞೂಂ ಅವ್ವ.”

ಆ ಕಡೆ ಒಲೆಯ ಮೇಲೆ ಏನೋ ಕುದಿಯುವ ಸದ್ದು, ನಲ್ಲಿ ನಿಲ್ಲಿಸಿದ ಸದ್ದು, ಸೆರಗಿಗೆ ಕೈ ಒರೆಸಿಕೊಂಡ ಸದ್ದು ಕೂಡ ಕೇಳಿದಂತಾಯಿತು.

“ಹಂಗಾರ ಹೋಳಿಗಿ ಮಾಡೋಣು,” ಎಂದಳು ಅವ್ವ. “ಮೊದಲು ನೀವು ಈ ರೈಲು ತಪ್ಪಿಸ್ಕೋಬ್ಯಾಡ್ರಿ.”